ತೊಗಟೆ ದುಂಬಿಯ ವಾಸನೆ: ಕರುಳು ಕೊಯ್ಯೋದಾ, ಗಾಳಿ ಹಿಡಿಯೋದಾ?

ದಾವಣಗೆರೆಯಲ್ಲಿ ಎಂ.ಎಸ್ಸಿ. ಓದುತ್ತಿರುವ ಚಿಕ್ಕಪ್ಪನ ಮಗಳು ಕೇಳಿದಳು: "ಅಣ್ಣಾ, ತೊಗಟೆ ದುಂಬಿ ತನ್ನವರನ್ನು ಕರೆಯುವ ವಾಸನೆ ಯಾವುದು ಅಂತ ಪತ್ತೆ ಹಚ್ಚೋಕೆ ಯಾವ ದಾರಿ ಹಿಡಿಯಲಿ?"

ದಾರಿ ಮುಖ್ಯವಾಗಿ ಎರಡು: ದುಂಬಿಯ ಕರುಳು ಕೊಯ್ದು ಅದರಲ್ಲಿರುವ ವಾಸನೆ ತೆಗೆಯೋದು, ಇಲ್ಲವೇ ಅದು ಗಾಳಿಗೆ ಬಿಡುವ ವಾಸನೆ ಹಿಡಿಯೋದು. ಖರ್ಚು ನೋಡಿದರೆ ಕರುಳೇ ಅಗ್ಗ. ಸೂಕ್ಷ್ಮದರ್ಶಕ, ಚೂಪು ಚಿಮಟ, ವಾಸನೆ ಕರಗಿಸಿಕೊಳ್ಳೋಕೆ ಸ್ವಲ್ಪ ಹೆಕ್ಸೇನ್ ದ್ರಾವಕ ಸಾಕು. ಕೈ ಮಾತ್ರ ನಡುಗಬಾರದು, ಎಷ್ಟೋ ದುಂಬಿಗಳು ಅಕ್ಕಿಕಾಳಿನಷ್ಟೂ ಇರುವುದಿಲ್ಲ ಅಲ್ವಾ. ಆದರೆ ಕರುಳಲ್ಲಿ ಇದ್ದದ್ದೆಲ್ಲ ಹೊರಗೆ ಬರುತ್ತದೆ ಅಂತೇನಿಲ್ಲ.

ಗಾಳಿ ಹಿಡಿಯೋದು ನಿಧಾನ, ಖರ್ಚೂ ಜಾಸ್ತಿ. ದುಂಬಿ ಕೊರೆಯುತ್ತಿರುವ ದಿಮ್ಮಿಯ ಮೇಲೆ ಇದ್ದಿಲಲ್ಲಿ ಸೋಸಿದ ಗಾಳಿ ಹಾಯಿಸಿ, ಪೊರಾಪಾಕ್ ಎಂಬ ವಾಸನೆ ಹೀರುವ ಹರಳು ತುಂಬಿದ ಕೊಳವೆಯಲ್ಲಿ ವಾಸನೆ ಹಿಡಿಯಬೇಕು. ದುಂಬಿ ನಿಜವಾಗಿ ಬಿಡುವುದೇ ಸಿಗುತ್ತದೆ, ಜೊತೆಗೆ ಮರದ ವಾಸನೆಯೂ ರಾಶಿ ರಾಶಿ. ಮಿರ್ಚಿ ಬಂಡಿಗಳ ಸಾಲಲ್ಲಿ ನಿಂತು ಈ ಘಮ ಯಾವ ಬಾಣಲೆಯದು ಅಂತ ಹುಡುಕಿದ ಹಾಗೆ.

ಕೊರೆದ ಪುಡಿಯನ್ನೂ ಮರೀಬೇಡ. ಅಮೆರಿಕದಲ್ಲಿ 1966ರಲ್ಲಿ ಸಿಲ್ವರ್‌ಸ್ಟೀನ್, ರೋಡಿನ್, ವುಡ್ ಎಂಬ ವಿಜ್ಞಾನಿಗಳು ಇಪ್ಸ್ ಎಂಬ ಜಾತಿಯ ಗಂಡು ತೊಗಟೆ ದುಂಬಿಯ ಪುಡಿಯಿಂದಲೇ ಇಪ್ಸೆನಾಲ್, ಇಪ್ಸ್‌ಡೈಯೆನಾಲ್, ಸಿಸ್-ವರ್ಬೆನಾಲ್ ಎಂಬ ಮೂರು ವಾಸನೆ ವಸ್ತುಗಳನ್ನೂ ಗುರುತಿಸಿದರು. ಬಿಡಿಬಿಡಿಯಾಗಿ ಸಪ್ಪೆ, ಬೆರೆಸಿದರೆ ದುಂಬಿಗಳು ಬಂದವು!

ಸಮಯ, ದುಡ್ಡು ಎರಡೂ ಕಡಿಮೆಯಿದ್ದರೆ ಕರುಳು. ಬಲೆಗೆ ಹಾಕುವ ಮಿಶ್ರಣ ಮಾಡುವ ಗುರಿಯಿದ್ದರೆ ಗಾಳಿ. ಯಾವುದೇ ಆಗಲಿ, ವಾಸನೆ ಹಿಡಿಯುವ ದುಂಬಿಯ ಮೀಸೆ ಸ್ಪಂದಿಸಿತು ಅಂತ ಸುಮ್ನೆ ಕೂರಬೇಡ. ಓಡಿಹೋಗಬೇಕಾದ ವಾಸನೆಗೂ ಅದು ಸ್ಪಂದಿಸುತ್ತದೆ, ಕಾಡಲ್ಲಿ ಬಲೆ ಕಟ್ಟಿಯೇ ನೋಡಬೇಕು.