ಹಳೇ ಗಾಜಿನ ಪೆಟ್ಟಿಗೆ ಹಕ್ಕಿನಾ, ಹೊಸದಾಗಿ ಸ್ಟಫ್ ಮಾಡಿದ್ದಾ?

ಇಂಗ್ಲೆಂಡಲ್ಲಿದ್ದು ಸ್ಟಫ್ ಮಾಡಿದ ಹಕ್ಕಿ (ಸತ್ತ ಹಕ್ಕಿ ಚರ್ಮನ ಒಳಗೆ ತುಂಬಿ ಜೀವ ಇರೋ ಥರ ನಿಲ್ಲಿಸಿದ್ದು) ತಗೋಬೇಕು ಅನ್ನೋರಿಗೆ ನನ್ನ ಓಟು ವಿಕ್ಟೋರಿಯಾ ಕಾಲದ ಗಾಜಿನ ಪೆಟ್ಟಿಗೆಗೇ. ಸೀಲ್ ಗಟ್ಟಿ ಇದ್ರೆ ಧೂಳು ಕೂರಲ್ಲ, ನುಸಿ ಒಳಗೆ ಹೋಗಲ್ಲ, ಹಿಂದೆ ಬಣ್ಣದಲ್ಲಿ ಬರೆದ ಆಕಾಶ, ಒಣಹುಲ್ಲು ಎಲ್ಲಾ ಸೇರಿ ನೋಡೋಕೇ ಒಂದು ಖುಷಿ, ಆದ್ರೆ ಆಗ ಹಕ್ಕಿ ಚರ್ಮಕ್ಕೆ ಆರ್ಸೆನಿಕ್ ಅನ್ನೋ ವಿಷದ ಸೋಪ್ ಹಚ್ತಿದ್ರು, ಅದಕ್ಕೇ ಪೆಟ್ಟಿಗೆ ತೆಗೀಲೇಬೇಡಿ, ಮಕ್ಕಳ ಕೈಗಂತೂ ಸಿಗಬಾರದು.

ಹೊಸದ್ರಲ್ಲಿ ಸಾಮಾನ್ಯವಾಗಿ ಆ ವಿಷ ಇರಲ್ಲ, ಹಕ್ಕಿ ಈಗ ಹಾರುತ್ತೇನೋ ಅನ್ಸುತ್ತೆ. ಆದ್ರೆ ತೆರೆದಿಟ್ರೆ ಹುಳ ಬೀಳುತ್ತೆ, ಮೆತ್ತನೆ ಬ್ರಶ್‌ನಲ್ಲಿ ಗರಿ ಮಲಗಿರೋ ದಿಕ್ಕಿಗೇ ಧೂಳು ತೆಗೀತಾ ಇರಬೇಕು. ಎರಡಕ್ಕೂ ಬಿಸಿಲು ಆಗಲ್ಲ, ಬಣ್ಣ ಹೋಗುತ್ತೆ. ಹೊಸ ಗೂಬೆ ಆದ್ರೆ ಆರ್ಟಿಕಲ್ 10 ಸರ್ಟಿಫಿಕೇಟ್ (ಸಂರಕ್ಷಿತ ಜೀವಿಗಳನ್ನ ಮಾರೋಕೆ ಬೇಕಾದ ಸರ್ಕಾರಿ ಅನುಮತಿ ಪತ್ರ) ನೋಡದೆ ದುಡ್ಡು ಕೊಡಬೇಡಿ.