ನೀರು ಉಡದ ಕೊಳಕ್ಕೆ ಯಾವ ಗಿಡ?

ಮೊದಲೇ ಹೇಳಿಬಿಡುತ್ತೇನೆ: ಭಾರತದಲ್ಲಿ ಮನೆಯಲ್ಲಿ ಉಡ ಸಾಕುವಂತಿಲ್ಲ, 1972ರ ವನ್ಯಜೀವಿ ಕಾಯ್ದೆ ಬಿಡುವುದಿಲ್ಲ. ಇದು ಹೊರದೇಶದಲ್ಲಿ ಕಾನೂನಿನ ಪ್ರಕಾರ ಸಾಕುವವರಿಗೆ.

ಆಯ್ಕೆ ಮೂರು. ಕೊಳದ ತಳದಲ್ಲಿ ನೆಟ್ಟ ಗಿಡ, ತೇಲುವ ಅಂತರಗಂಗೆ, ಇಲ್ಲವೇ ಕೊಳದ ನೀರು ಹಾದುಹೋಗುವ ಮೇಲಿನ ತೊಟ್ಟಿಯಲ್ಲಿ ಬೇರು ಬಿಟ್ಟ ಮನಿ ಪ್ಲಾಂಟ್.

ಬಾಳಿಕೆಯೇ ದೊಡ್ಡ ಪ್ರಶ್ನೆ. ನೀರು ಉಡ ಎರಡು ಮೀಟರ್ ದಾಟಬಲ್ಲದು. ಉಗುರಿನಿಂದ ಕೆದಕುತ್ತದೆ, ಬಾಲ ಬೀಸುತ್ತದೆ. ತಳದ ಗಿಡ ಉಳಿಯುವುದು ಕಷ್ಟ, ಮಣ್ಣೆದ್ದು ನೀರೂ ರಾಡಿ. ಮರಿ ಇರುವಾಗ, ಬುಡಕ್ಕೆ ಭಾರದ ಕಲ್ಲಿಟ್ಟರೆ, ನಡೆದೀತು. ನೋಡೋಕೆ ಚೆಂದ ಅಂತೂ ಹೌದು.

ಖರ್ಚು ನೋಡಿದರೆ ಅಂತರಗಂಗೆ ಅಗ್ಗ. ಹರಿದುಹೋದರೂ ಮತ್ತೆ ಹಬ್ಬುತ್ತದೆ. ಆದರೆ ಫಿಲ್ಟರ್ ಬಾಯಿಗೆ ಸಿಕ್ಕಿಕೊಳ್ಳುತ್ತದೆ, ವಾರವಾರ ಬಾಚಿ ತೆಗೆಯಬೇಕು. ಕೆಲವು ಕಡೆ ಈ ಗಿಡಕ್ಕೇ ನಿಷೇಧವಿದೆ, ವಿಚಾರಿಸಿ.

ಉಡ ನೀರಲ್ಲೇ ಹಿಕ್ಕೆ ಹಾಕುತ್ತದೆ ಅಲ್ವಾ? ಅದರಿಂದ ನೀರಲ್ಲಿ ಸೇರುವ ನೈಟ್ರೇಟ್ ಎಂಬ ಲವಣವನ್ನು ಮನಿ ಪ್ಲಾಂಟ್ ಬೇರು ಹೀರುತ್ತದೆ. ಉಡಕ್ಕೆ ಎಟುಕದಂತೆ ತೊಟ್ಟಿ ಕಟ್ಟಲು ಮೊದಲು ಜಾಸ್ತಿ ದುಡ್ಡು, ಆಮೇಲೆ ಕೆಲಸ ಕಡಿಮೆ. ದೊಡ್ಡ ಉಡ, ಕಡಿಮೆ ಬಿಡುವು ಇರುವವರಿಗೆ ಇದು ಸರಿ. ಉಡದ ಬದಲು ಸೊಪ್ಪೂ ತಿನ್ನುವ ವಾಟರ್ ಡ್ರ್ಯಾಗನ್ (ನೀರಿನ ಬಳಿ ಬದುಕುವ ಒಂದು ದೊಡ್ಡ ಹಲ್ಲಿ) ಇದ್ದರೆ ಎಲೆ ಬಾಯಿಗೆ ಸಿಗಬಾರದು, ತುರಿಕೆಯಾಗುತ್ತದೆ.

ಯಾವುದನ್ನು ಹಾಕಿದರೂ ಫಿಲ್ಟರ್ ಬೇಕು, ನೀರೂ ಬದಲಿಸಬೇಕು.