ಸಿನಿಮಾ ಪರಿಕರದ ಕಿಟ್ ತರಿಸುವವರು ಗಮನಿಸಿ: ಚೀಟಿಯಿಲ್ಲದ ಎರಡು ಬಾಟಲಿ, ಸುಳ್ಳು ಹೇಳುವ ಬ್ಯಾಟರಿ

ಸಿನಿಮಾದಲ್ಲಿ ಕಂಡ ಯಂತ್ರ, ಆಯುಧ, ಶಿರಸ್ತ್ರಾಣಗಳ ಯಥಾವತ್ ಪ್ರತಿಕೃತಿಯನ್ನು ಮನೆಯಲ್ಲಿಯೇ ಜೋಡಿಸುವ ಹವ್ಯಾಸ ಈಚೆಗೆ ಶಿವಮೊಗ್ಗ, ತೀರ್ಥಹಳ್ಳಿ, ಸಾಗರದ ಕಾಲೇಜು ಮಕ್ಕಳಲ್ಲಿಯೂ ಕಾಣುತ್ತಿದೆ. ಕೈಕೆಲಸದ ಬಗ್ಗೆ ಗೌರವವಿರುವ ನಾಡು ನಮ್ಮದು. ಸಾಗರ, ಸೊರಬದ ಗುಡಿಗಾರರ ಕೆತ್ತನೆಯನ್ನು ನೋಡಿ ಬೆಳೆದ ನನಗೆ ಈ ಹವ್ಯಾಸದ ಬಗ್ಗೆ ಯಾವ ತಕರಾರೂ ಇಲ್ಲ. ಆದರೆ ಬಿಡಿಭಾಗ, ರಾಸಾಯನಿಕ, ಬ್ಯಾಟರಿ ಎಲ್ಲವನ್ನೂ ಒಂದೇ ಪೆಟ್ಟಿಗೆಯಲ್ಲಿ ತುಂಬಿ ‘ಸಂಪೂರ್ಣ ಕಿಟ್’ ಎಂದು ಆನ್‌ಲೈನಿನಲ್ಲಿ ಮಾರುವವರೊಬ್ಬರಿಂದ ಕಳೆದ ಮಳೆಗಾಲದಲ್ಲಿ ನಮ್ಮ ಮನೆಗೆ ಬಂದ ಸರಕು ಎಂಥದು ಎಂಬುದನ್ನು ಇಂಥ ಕಿಟ್ ತರಿಸಲು ಹೊರಟಿರುವವರೂ ಅವರ ಹೆತ್ತವರೂ ತಿಳಿದಿರಬೇಕು ಎಂದು ಇದನ್ನು ಬರೆಯುತ್ತಿದ್ದೇನೆ.

ನಮ್ಮ ಅಕ್ಕನ ಮಗ ಎಂಜಿನಿಯರಿಂಗ್ ಓದುತ್ತಿದ್ದಾನೆ. 1984ರಲ್ಲಿ ತೆರೆಕಂಡ ‘ಗೋಸ್ಟ್‌ಬಸ್ಟರ್ಸ್’ ಚಿತ್ರದಲ್ಲಿ ದೆವ್ವ ಹಿಡಿಯುವವರು ಬೆನ್ನಿಗೆ ಹೊತ್ತು ತಿರುಗುವ ಪ್ರೋಟಾನ್ ಪ್ಯಾಕ್ ಎಂಬ ಯಂತ್ರವನ್ನು ಕಾಲೇಜಿನ ಕಾರ್ಯಕ್ರಮಕ್ಕಾಗಿ ಮಾಡಬೇಕೆಂದು ಅವನು ಹೊರಟಿದ್ದ. ಚಿತ್ರೀಕರಣಕ್ಕೆ ಬಳಸಿದ ಮೂಲ ಪರಿಕರವೂ ಸಾಮಾನ್ಯ ವಸ್ತುಗಳಿಂದಲೇ ಆದದ್ದು: ಫೈಬರ್ ಗ್ಲಾಸಿನ ಹೊರಕವಚ, ಅದಕ್ಕೆ ಬೆನ್ನಾಗಿ ಅಲ್ಯೂಮಿನಿಯಂ ತಗಡು, ಹೊರಲು ಸೈನಿಕರ ಬೆನ್ನುಚೀಲದ ಚೌಕಟ್ಟು, ಮೇಲೆ ಗಾಳಿ ಒತ್ತಡದ ಯಂತ್ರಗಳಿಗೆ ಬಳಸುವ ಕೊಳವೆ ಜೋಡಣೆಗಳು ಮತ್ತು ದೊಡ್ಡ ರೆಸಿಸ್ಟರುಗಳು. ಕೆಳಭಾಗದ ವೃತ್ತದಲ್ಲಿ ನಾಲ್ಕು ಕೆಂಪು ದೀಪಗಳು ಒಂದರ ಹಿಂದೊಂದು ಬೆಳಗುತ್ತವೆ, ಪಕ್ಕದಲ್ಲಿ ನೀಲಿ ದೀಪಗಳ ಪಟ್ಟಿಯೊಂದು ಓಡುತ್ತದೆ. ಜಾಹೀರಾತಿನಲ್ಲಿ ಇದೆಲ್ಲವೂ ಚೆನ್ನಾಗಿಯೇ ಕಾಣುತ್ತಿತ್ತು. ಪೆಟ್ಟಿಗೆಯಲ್ಲಿ ಬಂದ ಕವಚ ಸೊಟ್ಟಗಾಗಿತ್ತು, ತಗಡಿನ ತೂತುಗಳು ಕವಚದ ತೂತುಗಳಿಗೆ ಹೊಂದುತ್ತಿರಲಿಲ್ಲ. ಅಷ್ಟೇ ಆಗಿದ್ದರೆ ನಾನು ಬರೆಯುತ್ತಲೇ ಇರಲಿಲ್ಲ, ಏಕೆಂದರೆ ಅದನ್ನು ಅರ ಹಾಕಿ ಸರಿಪಡಿಸಬಹುದು.

ಎರಡು ತುಂಡಾಗಿ ಬಂದಿದ್ದ ಕವಚವನ್ನು ಒಳಗಿನಿಂದ ಗಾಜಿನ ನಾರಿನ ಮ್ಯಾಟ್ ಇಟ್ಟು ಪಾಲಿಯೆಸ್ಟರ್ ರೆಸಿನ್ ಬಳಿದು ಬೆಸೆಯಬೇಕಿತ್ತು. ರೆಸಿನ್ ದೊಡ್ಡ ಡಬ್ಬಿಯಲ್ಲಿ, ಜೋನಿಬೆಲ್ಲದಷ್ಟು ಮಂದವಾಗಿತ್ತು. ಅದರ ಜೊತೆಗೆ ಒಂದೇ ಅಳತೆಯ, ಒಳಗಿನದು ಕಾಣದಂಥ ಎರಡು ಬಿಳಿ ಪ್ಲಾಸ್ಟಿಕ್ ಬಾಟಲಿಗಳಿದ್ದವು. ಅವುಗಳ ಮೇಲೆ ಹೆಸರಿಲ್ಲ, ಎಚ್ಚರಿಕೆಯ ಚಿಹ್ನೆಯಿಲ್ಲ, ಎಷ್ಟು ಬೆರೆಸಬೇಕೆಂಬ ಸೂಚನೆಯಿಲ್ಲ. ಅಳಿಯ ಮಾರಾಟಗಾರರಿಗೆ ಫೋನ್ ಮಾಡಿದಾಗ ಆ ಕಡೆಯವರು ನನ್ನ ಎದುರಿಗೇ, ಸ್ಪೀಕರಿನಲ್ಲಿ, “ಎರಡೂ ಸಣ್ಣ ಬಾಟಲಿನ ಒಂದು ಲೋಟಕ್ಕೆ ಹಾಕಿ ಮಿಕ್ಸ್ ಮಾಡ್ಕೊಳ್ಳಿ, ಆಮೇಲೆ ರೆಸಿನ್‌ಗೆ ಸುರೀರಿ, ನಿಮ್ಮಲ್ಲಿ ಮಳೆ ಅಂತೀರಲ್ಲ, ಸ್ವಲ್ಪ ಜಾಸ್ತೀನೇ ಹಾಕಿ” ಎಂದು ಹೇಳಿದರು.

ಹೆಸರಿಲ್ಲದ ಔಷಧವನ್ನು ದನಕ್ಕೂ ಕುಡಿಸದ ಮನೆ ನಮ್ಮದು. ನಾನು ಆ ಎರಡು ಬಾಟಲಿಗಳನ್ನು ಬೇರೆ ಬೇರೆ ಚೀಲದಲ್ಲಿ ಹಾಕಿಕೊಂಡು ಶಿವಮೊಗ್ಗಕ್ಕೆ ಹೋಗಿ, ಬಸ್ಸುಗಳ ಫೈಬರ್ ಬಂಪರ್ ದುರಸ್ತಿ ಮಾಡುವ ಹಿರಿಯರೊಬ್ಬರಿಗೆ ತೋರಿಸಿದೆ. ಅವರು ಒಂದೊಂದರಿಂದ ಒಂದೊಂದು ಹನಿಯನ್ನು ದೂರ ದೂರದ ಎರಡು ತಗಡಿನ ಚೂರುಗಳ ಮೇಲೆ ಬೀಳಿಸಿದರು. ಒಂದು ನೀರಿನಂತೆ ಬಣ್ಣವಿಲ್ಲದ್ದು, ಇನ್ನೊಂದು ಕಡು ನೇರಳೆ. ನೇರಳೆಯದು ಕೋಬಾಲ್ಟ್, ಅಂದರೆ ರೆಸಿನ್ ಗಟ್ಟಿಯಾಗುವ ವೇಗವನ್ನು ಹೆಚ್ಚಿಸುವ ಆಕ್ಸಿಲರೇಟರ್. ಬಣ್ಣವಿಲ್ಲದ್ದು ರೆಸಿನ್ನನ್ನು ಗಟ್ಟಿಯಾಗಿಸುವ ಹಾರ್ಡ್‌ನರ್, ಅಂದರೆ ಮೀಥೈಲ್ ಈಥೈಲ್ ಕೀಟೋನ್ ಪೆರಾಕ್ಸೈಡ್. ಆ ಹಿರಿಯರು ಬಾಟಲಿಗಳ ಮುಚ್ಚಳವನ್ನು ಬಿಗಿ ಮಾಡುತ್ತಾ, “ಇವೆರಡನ್ನೂ ನೇರವಾಗಿ ಸೇರ್ಸಿದ್ರೆ ಕೈ ಉಳೀತಿರ್ಲಿಲ್ಲ ಮಾರಾಯ್ರೆ, ಯಾರು ಹೇಳಿದ್ದು ನಿಮ್ಗೆ ಹಂಗೆ ಮಾಡಿ ಅಂತ?” ಎಂದು ಕೇಳಿದರು.

ಅವರ ಮಾತಿನಲ್ಲಿ ಉತ್ಪ್ರೇಕ್ಷೆಯಿರಲಿಲ್ಲ. ಪೆರಾಕ್ಸೈಡ್ ಮತ್ತು ಕೋಬಾಲ್ಟ್ ನೇರವಾಗಿ ಕೂಡಿದರೆ ಪೆರಾಕ್ಸೈಡ್ ಕ್ಷಣಮಾತ್ರದಲ್ಲಿ ಒಡೆದು, ವಿಪರೀತ ಶಾಖ ಹುಟ್ಟಿ, ಬೆಂಕಿ ಹೊತ್ತಿಕೊಳ್ಳಬಹುದು ಅಥವಾ ಸಿಡಿಯಬಹುದು. ಆದ್ದರಿಂದಲೇ ಈ ಕೆಲಸ ಬಲ್ಲವರು ಮೊದಲು ಕೋಬಾಲ್ಟನ್ನು ರೆಸಿನ್ನಿಗೆ ಹಾಕಿ ಪೂರ್ತಿ ಕಲಸಿ, ಅನಂತರವೇ ಹಾರ್ಡ್‌ನರನ್ನು ಸೇರಿಸುತ್ತಾರೆ. ಹಾರ್ಡ್‌ನರಿನ ಪ್ರಮಾಣ ಸಾಮಾನ್ಯವಾಗಿ ರೆಸಿನ್ ತೂಕದ ಶೇಕಡಾ 1ರಿಂದ 2 ಮಾತ್ರ. ಮಳೆಗಾಲದ ತಂಪಿಗೆಂದು ಅದನ್ನು ಮನಬಂದಂತೆ ಹೆಚ್ಚಿಸಿದರೆ ಮಗ್ಗಿನಲ್ಲಿ ಉಳಿದ ರೆಸಿನ್ ತನ್ನ ಶಾಖಕ್ಕೆ ತಾನೇ ಹೊಗೆಯಾಡಿ ಬಿರಿಯುತ್ತದೆ. ಹಾರ್ಡ್‌ನರ್ ಕಣ್ಣಿಗೆ ಸಿಡಿದರೆ ದೃಷ್ಟಿಗೇ ಕುತ್ತು; ಕೂಡಲೇ ಹರಿಯುವ ನೀರಿನಲ್ಲಿ ಕನಿಷ್ಠ 15 ನಿಮಿಷ ಕಣ್ಣು ತೊಳೆಯುತ್ತಲೇ ಇರಬೇಕು, ಆಮೇಲೆ ತಡಮಾಡದೆ ವೈದ್ಯರಲ್ಲಿಗೆ ಹೋಗಬೇಕು. ಇಂಥದ್ದನ್ನು ಹೆಸರಿಲ್ಲದ ಬಾಟಲಿಯಲ್ಲಿ ತುಂಬಿ, ಅದರ ಜೋಡಿಯನ್ನು ಅದರ ಪಕ್ಕದಲ್ಲಿಯೇ ಇಟ್ಟು, ಮೇಲಾಗಿ ಎರಡನ್ನೂ ಬೆರೆಸಿರೆಂದು ಹೇಳುವುದನ್ನು ಅಜಾಗರೂಕತೆ ಎಂದು ಕರೆದರೂ ಕಡಿಮೆಯೇ.

ಹಿರಿಯರು ಬಾಟಲಿಗಳ ಮೇಲೆ ಪೆನ್ನಿನಿಂದ ಹೆಸರು ಬರೆದು, ಅಳತೆ ಹೇಳಿಕೊಟ್ಟರು. ಕಣ್ಣಿಗೆ ಕನ್ನಡಕ, ಕೈಗೆ ಗ್ಲೌಸು, ಮೂಗಿಗೆ ರಾಸಾಯನಿಕ ಆವಿ ತಡೆಯುವ ಮಾಸ್ಕ್ ಹಾಕಿಕೊಂಡು, ಬದಿಗಳು ತೆರೆದಿರುವ ಕೊಟ್ಟಿಗೆಯ ಮಾಡಿನ ಕೆಳಗೆ ಬೆಸುಗೆಯ ಕೆಲಸ ಮುಗಿಯಿತು. ಪುನರ್ವಸು ಮಳೆ ಹಿಡಿದು ಸುರಿಯುತ್ತಿದ್ದ ಕಾಲವಾದ್ದರಿಂದ ಮ್ಯಾಟ್ ತಂಪು ಎಳೆದುಕೊಂಡು ಅಲ್ಲಲ್ಲಿ ಬಿಳಿಚಿಕೊಂಡಿತು, ಸ್ಪ್ರೇ ಪೇಂಟಿನ ಮೇಲೂ ಮಂಜು ಹಿಡಿದಂತಾಯಿತು. ಮಲೆನಾಡಿನವರು ಈ ಕೆಲಸವನ್ನು ದೀಪಾವಳಿ ಕಳೆದ ಮೇಲೆ ಇಟ್ಟುಕೊಳ್ಳುವುದು ಲೇಸು.

ಹೆಚ್ಚಿನ ಅನಾಹುತವಾದದ್ದು ಬ್ಯಾಟರಿಯಿಂದ. ದೀಪ ಮತ್ತು ಧ್ವನಿಗಾಗಿ ಕಿಟ್ಟಿನಲ್ಲಿ 18650 ಎಂಬ ಅಳತೆಯ, ಅಂದರೆ 18 ಮಿಲಿಮೀಟರ್ ದಪ್ಪ, 65 ಮಿಲಿಮೀಟರ್ ಉದ್ದದ ಲಿಥಿಯಂ ಅಯಾನ್ ಸೆಲ್‌ಗಳನ್ನು ಸಮಾಂತರವಾಗಿ ಜೋಡಿಸಿ, ಮೇಲೆ ನೀಲಿ ಪ್ಲಾಸ್ಟಿಕ್ ಹೊದಿಕೆ ಬಿಗಿದು ಕೊಟ್ಟಿದ್ದರು. ಅದರ ಜೊತೆ ಬಂದ ಹಾಳೆಯಲ್ಲಿ ‘ಪೂರ್ಣ ಸುರಕ್ಷಿತ, ರಾತ್ರಿಯಿಡೀ ಚಾರ್ಜ್ ಮಾಡಿ’ ಎಂದು ಅಚ್ಚಾಗಿತ್ತು. ಜಗಲಿಯ ಮೂಲೆಯಲ್ಲಿ ಪ್ಯಾಕನ್ನು ಗೋಡೆಗೆ ಒರಗಿಸಿ ಚಾರ್ಜಿಗೆ ಇಟ್ಟಿದ್ದೆವು. ಮಲಗುವ ಹೊತ್ತಿಗೆ ಅಮ್ಮ ಒಳಗಿನಿಂದಲೇ, “ಅಪ್ಪಿ, ಉಗುರಿಗೆ ಹಚ್ತಾರಲ್ಲ, ಆ ಬಣ್ಣದ ವಾಸನೆ ಬರ್ತಾ ಇದೆ, ಎಲ್ಲಿಂದ ನೋಡು” ಎಂದು ಕೂಗಿದರು. ಸೆಲ್ಲಿನೊಳಗಿನ ದ್ರಾವಣದ ಆವಿ ಹೊರಬಿದ್ದಾಗ ಹೀಗೆ ಸಿಹಿ ಬೆರೆತ ಘಾಟು ಬರುತ್ತದೆ. ಈ ವಾಸನೆಯನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ, ಏಕೆಂದರೆ ಅದು ಬಂದ ಮೇಲೆ ಸಿಗುವ ಸಮಯ ಬಹಳ ಕಡಿಮೆ.

ನಾನು ಮೈನ್ ಸ್ವಿಚ್ ಆರಿಸುವಷ್ಟರಲ್ಲಿ ಅಳಿಯ ಪ್ಯಾಕಿನ ಪಟ್ಟಿಯನ್ನು ಹಿಡಿದು ಅಂಗಳದತ್ತ ಎಳೆಯತೊಡಗಿದ್ದ. ಹೊಸಿಲು ದಾಟಿಸುವಾಗ ತಗಡಿಗೆ ಕೈ ತಾಗಿ ಅವನ ಅಂಗೈಯಲ್ಲಿ ಬೊಬ್ಬೆ ಎದ್ದಿತು. ಅಂಗಳಕ್ಕೆ ಬಿದ್ದ ಮರುಕ್ಷಣವೇ ಸುಯ್ಯೆಂಬ ಸದ್ದಿನೊಡನೆ ಒಂದು ಸೆಲ್ ಬಿಳಿಹೊಗೆ ಕಾರಿತು, ಅದರ ಬಿಸಿಗೆ ಪಕ್ಕದ್ದು ಹೊತ್ತಿಕೊಂಡಿತು, ಅಲ್ಲಿಂದ ಬೆಂಕಿ ಕವಚಕ್ಕೆ ದಾಟಿ ಕಪ್ಪು ಹೊಗೆ ಎದ್ದಿತು. ಗಟ್ಟಿಯಾದ ಪಾಲಿಯೆಸ್ಟರ್ ರೆಸಿನ್ ಕೂಡ ಚೆನ್ನಾಗಿಯೇ ಉರಿಯುತ್ತದೆ. ಮಳೆಯ ನೀರಿಗೆ ಬಾವಿಯ ನೀರನ್ನೂ ಸೇರಿಸಿ ಸುರಿದು ಬೆಂಕಿಯನ್ನು ಆರಿಸಿದೆವು. ಜಗಲಿಯ ಮೇಲಿನ ಅಟ್ಟದಲ್ಲಿ ಅಡಿಕೆ ತುಂಬಿದ ಗೋಣಿಚೀಲಗಳೂ ಒಣ ಹಾಳೆಯ ಕಟ್ಟುಗಳೂ ಇದ್ದವು; ಹಂಚಿನ ಕೆಳಗೆ ಇರುವುದೆಲ್ಲ ಮರದ ಪಕಾಸು, ರೀಪು. ಪ್ಯಾಕ್ ಇನ್ನೂ ಸ್ವಲ್ಪ ಹೊತ್ತು ಅಲ್ಲಿಯೇ ಇದ್ದಿದ್ದರೆ ಮನೆ ಉಳಿಯುತ್ತಿತ್ತೆಂದು ನಾನು ನಂಬುವುದಿಲ್ಲ.

ಕಿಟ್ಟಿನಲ್ಲಿ ಬದಲಿಗೆಂದು ಕೊಟ್ಟಿದ್ದ ಬಿಡಿ ಸೆಲ್ ಒಂದು ಉಳಿದಿತ್ತು. ಅದರ ಮೈಮೇಲೆ 9,800 ಮಿಲಿಆಂಪಿಯರ್ ಅವರ್ ಎಂದು ಬರೆದಿದೆ. ಈ ಅಳತೆಯ ಸೆಲ್‌ಗಳಲ್ಲಿ ಒಳ್ಳೆಯ ತಯಾರಕರು ಕೊಡುತ್ತಿರುವ ಸಾಮರ್ಥ್ಯ ಸುಮಾರು 3,500ರ ಆಸುಪಾಸಿನದು. ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿಟ್ಟರೆ ಅದು 30 ಗ್ರಾಂ ಕೂಡ ತೂಗಲಿಲ್ಲ. ಅಂಥ ನಿಜವಾದ ಸೆಲ್ ಹೆಚ್ಚು ಕಡಿಮೆ 45 ಗ್ರಾಂ ಇರುತ್ತದೆ. ಸುಟ್ಟುಹೋದ ಕಟ್ಟಿನಲ್ಲಿ ಉಳಿದಿದ್ದ ಅವಶೇಷಗಳನ್ನು ತಣಿದ ಮೇಲೆ ಬಿಡಿಸಿ ನೋಡಿದಾಗ, ಅತಿಯಾಗಿ ಚಾರ್ಜ್ ಆಗುವುದನ್ನು ತಡೆಯುವ ರಕ್ಷಣಾ ಸರ್ಕ್ಯೂಟಿನ ಸುಳಿವೇ ಇರಲಿಲ್ಲ. ಇಂಥ ಸೆಲ್ಲನ್ನು 4.2 ವೋಲ್ಟಿಗಿಂತ ಮೇಲೆ ಚಾರ್ಜ್ ಮಾಡುವುದೆಂದರೆ ಅದರೊಳಗೆ ಬೆಂಕಿಯನ್ನು ಕೂಡಿಡುವುದೆಂದೇ ಅರ್ಥ. ಹಳೆಯ ಲ್ಯಾಪ್‌ಟಾಪ್ ಬ್ಯಾಟರಿಗಳಿಂದ ಕಿತ್ತ ಸೆಲ್‌ಗಳಿಗೆ ಹೊಸ ಹೊದಿಕೆ ಹಾಕಿ ಮಾರುವ ವಹಿವಾಟು ಇದೆ ಎಂಬುದು ಎಲೆಕ್ಟ್ರಾನಿಕ್ಸ್ ದುರಸ್ತಿ ಮಾಡುವವರಿಗೆಲ್ಲ ತಿಳಿದದ್ದೇ.

ಭಾರತದಲ್ಲಿ ಮಾರುವ ಲಿಥಿಯಂ ಸೆಲ್ ಮತ್ತು ಬ್ಯಾಟರಿಗಳು ಐಎಸ್ 16046 ಮಾನಕಕ್ಕೆ ಅನುಗುಣವಾಗಿ ಬಿಐಎಸ್, ಅಂದರೆ ಭಾರತೀಯ ಮಾನಕ ಬ್ಯೂರೊದ ನೋಂದಣಿ ಪಡೆದಿರಬೇಕು, ಆ ನೋಂದಣಿ ಸಂಖ್ಯೆ ಅವುಗಳ ಮೇಲೆ ಅಚ್ಚಾಗಿರಬೇಕು. ನಮಗೆ ಬಂದ ಸೆಲ್ ಮೇಲೆ ಅದು ಇಲ್ಲ. ಇದನ್ನು ಮಾರಾಟಗಾರರಿಗೆ ಚಿತ್ರ ಸಮೇತ ಬರೆದಾಗ, ‘ಇದು ಪ್ರದರ್ಶನಕ್ಕಾಗಿ ಇರುವ ವಸ್ತು, ಬಳಕೆಯ ಹೊಣೆ ಗ್ರಾಹಕರದ್ದು’ ಎಂಬ ಒಂದು ಸಾಲಿನ ಉತ್ತರ ಬಂತು. ದೀಪ ಬೆಳಗಿಸಲೆಂದೇ ಕೊಟ್ಟ ಬ್ಯಾಟರಿಯನ್ನು ಯಾರೂ ಚಾರ್ಜ್ ಮಾಡಬಾರದು ಎಂದು ಇದರ ಅರ್ಥವೇ? ಈ ವಾದವನ್ನು ನಾನು ಒಪ್ಪಿಲ್ಲ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಟ್ಟಿದ್ದೇನೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಆನ್‌ಲೈನ್ ಖರೀದಿಗೂ ಅನ್ವಯವಾಗುವುದರಿಂದ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗಲು ಕಾಗದಪತ್ರ ಸಿದ್ಧಪಡಿಸುತ್ತಿದ್ದೇನೆ. ಪೆಟ್ಟಿಗೆ ಬಿಚ್ಚುವಾಗಲೇ ಪ್ರತಿಯೊಂದು ವಸ್ತುವಿನ ಫೋಟೊ ತೆಗೆದಿಟ್ಟಿದ್ದು, ಬಿಲ್ಲನ್ನು ಎಸೆಯದೆ ಇಟ್ಟುಕೊಂಡದ್ದು ಈಗ ಉಪಯೋಗಕ್ಕೆ ಬರುತ್ತಿದೆ. ನೀವೂ ಹಾಗೆಯೇ ಮಾಡಿ.

ಕಿಟ್ ಕೊಳ್ಳುವ ಮುನ್ನ ರೆಸಿನ್, ಹಾರ್ಡ್‌ನರ್, ಆಕ್ಸಿಲರೇಟರುಗಳ ಸುರಕ್ಷತಾ ಮಾಹಿತಿಪತ್ರವನ್ನೂ ಬ್ಯಾಟರಿಯ ನೋಂದಣಿ ಸಂಖ್ಯೆಯನ್ನೂ ಬರಹದಲ್ಲಿ ಕೇಳಿ ಪಡೆಯಿರಿ. ಕೊಡಲು ಹಿಂಜರಿದರೆ ಕವಚ ಮತ್ತು ತಗಡನ್ನು ಮಾತ್ರ ತರಿಸಿಕೊಂಡು, ರಾಸಾಯನಿಕವನ್ನು ಊರಿನ ಫೈಬರ್ ಕೆಲಸದವರ ಮೂಲಕವೂ ಬ್ಯಾಟರಿಯನ್ನು ಬಿಲ್ ಕೊಡುವ ಅಂಗಡಿಯಿಂದಲೂ ತೆಗೆದುಕೊಳ್ಳಿ. ಈಗಾಗಲೇ ಇಂಥ ಪೆಟ್ಟಿಗೆ ಮನೆಗೆ ಬಂದಿದ್ದರೆ ಹೆಸರಿಲ್ಲದ ಬಾಟಲಿಗಳನ್ನು ಇವತ್ತೇ ಒಂದರಿಂದ ಒಂದನ್ನು ದೂರವಿಟ್ಟು, ಮಕ್ಕಳ ಕೈಗೆ ಸಿಗದಂತೆ, ಒಲೆಯಿಂದ ದೂರದ ತಂಪು ಜಾಗದಲ್ಲಿಡಿ. ಸೆಲ್‌ಗಳ ಎರಡೂ ತುದಿಗೆ ಇನ್ಸುಲೇಷನ್ ಟೇಪ್ ಸುತ್ತಿ, ಕಸದ ಗುಂಡಿಗಾಗಲಿ ಬಚ್ಚಲ ಒಲೆಗಾಗಲಿ ಹಾಕದೆ, ಇ-ತ್ಯಾಜ್ಯ ಸಂಗ್ರಹಿಸುವವರಿಗೆ ಕೊಡುವ ತನಕ ಮನೆಯ ಹೊರಗೆ ಮರಳು ತುಂಬಿದ ತಗಡಿನ ಡಬ್ಬಿಯಲ್ಲಿಟ್ಟಿರಿ.